ಈರುಳ್ಳಿಯೊಳಗಿನ ಬಂಗಡೆ

ತಮ್ಮ ಈರುಳ್ಳಿಗೆ ವಿಜ್ಞಾನದ ನೆರವು ಬೇಕೆಂದು ನಮ್ಮ ಅತ್ತೆ ಯಾವತ್ತೂ ಕೇಳಿರಲಿಲ್ಲ. ಈರುಳ್ಳಿಯಂತೂ ಕೇಳಿರಲೇ ಇಲ್ಲ. ಆದರೆ ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನಂಥ ಅಳಿಯನೊಬ್ಬ ಇದ್ದಮೇಲೆ ನೆರವು ಕೇಳದೆಯೂ ಬಂದೇ ಬರುತ್ತದೆ.

ಕುಮಟಾದ ಹತ್ತಿರ ಅಳ್ವೆಕೋಡಿಯಲ್ಲಿ ಅತ್ತೆ ಪ್ರತಿ ವರ್ಷ ಸಿಹಿ ಈರುಳ್ಳಿ ಬೆಳೆಯುತ್ತಿದ್ದರು. ಗೊಂಚಲು ಕಟ್ಟಿ ಹೆದ್ದಾರಿಯ ಪಕ್ಕ ತೂಗುಹಾಕಿ, ಅಲ್ಲೇ ಕೂತು ಮಾರುತ್ತಿದ್ದರು. ಆ ವರ್ಷ ಅವರ ಮೊಣಕಾಲು ಮುಷ್ಕರ ಹೂಡಿತು. ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ರಸ್ತೆ ಬದಿ ಕೂರುವುದು ಇನ್ನು ಸಾಧ್ಯವಿರಲಿಲ್ಲ. ದೇವರು ಕಣ್ಣುಬಿಟ್ಟಂತೆ, ಭಟ್ಕಳದಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಶಾನಭಾಗರು ಇಡೀ ಬೆಳೆಯನ್ನು ಒಟ್ಟಿಗೇ ಕೊಳ್ಳಲು ಮುಂದೆ ಬಂದರು. ಹಿಂದಿನ ವರ್ಷ ಯಾರೋ ಖಾರದ ಈರುಳ್ಳಿಯನ್ನೇ ಕುಮಟಾದ್ದೆಂದು ಅವರಿಗೆ ದಾಟಿಸಿದ್ದರಂತೆ.

"ಒಂದು ಗಡ್ಡೆ ಕೊಡಿ, ತಿಂದು ನೋಡ್ತೆ. ಸಿಹಿ ಇದ್ರೆ ಎಲ್ಲಾ ನಂಗೇ" ಎಂದರು ಶಾನಭಾಗರು.

ಅಲ್ಲಿಗೆ ವ್ಯವಹಾರ ಮುಗಿಯಬೇಕಿತ್ತು. ನಾನು ಅಲ್ಲಿದ್ದೆ, ಮುಗಿಯಲಿಲ್ಲ.

"ನಾಲಿಗೆಯನ್ನು ನಂಬಲಾಗದು ಶಾನಭಾಗರೇ. ನಾನು ಮೆಟಬಾಲೊಮಿಕ್ಸ್ ಮಾಡಿಸಿಯೇ ಕೊಡುತ್ತೇನೆ" ಎಂದೆ. ವಿಜ್ಞಾನದ ಮಾತು ಬಂದಾಗ ನಾನು ಪುಸ್ತಕದ ಕನ್ನಡಕ್ಕೆ ಏರುತ್ತೇನೆ.

"ಅದೆಂತದು, ಇಂಜೆಕ್ಷನ್ನಾ?" ಅತ್ತೆ ಗಾಬರಿಯಾದರು.

"ಅಲ್ಲ ಅತ್ತೆ. ಈರುಳ್ಳಿಯಲ್ಲಿರುವ ಸಕ್ಕರೆ, ಹುಳಿ, ಕಣ್ಣೀರು ತರಿಸುವ ಗಂಧಕದ ವಸ್ತು, ಹೀಗೆ ಸಣ್ಣಪುಟ್ಟ ರಾಸಾಯನಿಕಗಳನ್ನೆಲ್ಲ ಯಂತ್ರ ಒಂದೇ ಸಲಕ್ಕೆ ಪತ್ತೆಹಚ್ಚುತ್ತದೆ. ಯಾವುದನ್ನೂ ಬಿಡುವುದಿಲ್ಲ."

ಯಾವುದನ್ನೂ ಬಿಡುವುದಿಲ್ಲ ಎಂಬುದನ್ನು ನಾನು ಎದೆಯುಬ್ಬಿಸಿ ಹೇಳಿದೆ. ಶಾನಭಾಗರು ತಲೆದೂಗಿ, ಗಡ್ಡೆ ತಿನ್ನದೆ ಭಟ್ಕಳಕ್ಕೆ ಹೋದರು.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನ್ನ ಸಹಪಾಠಿ ರಮಾನಂದನಿದ್ದ. ಫೋನು ಮಾಡಿದೆ. "ಹೆಚ್ಚಿದ ಕೂಡಲೇ ಐಸಿನಲ್ಲಿ ಇಡು. ತಡವಾದ್ರೆ ಒಳಗಿನ ವಸ್ತುಗಳೇ ಬದಲಾಗ್ತವೆ. ಮತ್ತೆ ಎಲ್ಲಾ ಸ್ವಚ್ಛ ಇರ್ಬೇಕು" ಎಂದ. ನನ್ನ ತಲೆಯೊಳಗೆ ಐಸು ಮಾತ್ರ ಹೋಯಿತು.

ಕರಾವಳಿಯಲ್ಲಿ ಐಸಿಗೆ ಬರಗಾಲವೇ? ನೆರೆಮನೆಯ ಮಂಜಣ್ಣನದು ಮೀನಿನ ವ್ಯಾಪಾರ. ಅವನು ಐಸನ್ನೂ ಥರ್ಮೊಕೋಲ್ ಪೆಟ್ಟಿಗೆಯನ್ನೂ ಕೊಟ್ಟು, "ನಿನ್ನೆ ಬಂಗಡೆ ಹಾಕಿದ್ ಪೆಟ್ಟಿಗೆ ಮಾಸ್ತರೇ, ವಾಸ್ನೆ ಹೋಗೂದಿಲ್ಲ" ಎಂದು ಎಚ್ಚರಿಸಿದ. ವಿಜ್ಞಾನ ಕಲಿತವನಿಗೆ ಹೇಳುವ ಮಾತೇ! ಹೆಂಡತಿ ಸುಜಾತಳ ಶ್ರೀಗಂಧದ ಸಾಬೂನು ಹಾಕಿ ಗಸಗಸ ತಿಕ್ಕಿದೆ. ಮೂಸಿ ನೋಡಿದೆ. ಸ್ನಾನ ಮಾಡಿ ಬಂದ ಬಂಗಡೆಯ ವಾಸನೆ ಬಂತು. ಪರವಾಗಿಲ್ಲ ಎಂದುಕೊಂಡೆ.

"ನನ್ನ ಸಾಬೂನು ಎಲ್ಲಿ?" ಬಚ್ಚಲಿನಿಂದ ಸುಜಾತಾ ಕೂಗಿದಳು.

"ವಿಜ್ಞಾನಕ್ಕೆ ಹೋಯ್ತು" ಎಂದೆ.

ಅಳ್ವೆಕೋಡಿಯಲ್ಲಿ ಅತ್ತೆ ಜಗಲಿಯಲ್ಲಿ ಕೂತು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಸಂಭ್ರಮದಿಂದ ಎದ್ದವರೇ ಅದೇ ಕೈಯಲ್ಲಿ ಒಳ್ಳೊಳ್ಳೆಯ ಗಡ್ಡೆ ಆರಿಸಿ, ಸುಲಿದು, ಹೆಚ್ಚಿ ಕೊಟ್ಟರು. ನಾನು ಎದುರಿಗೇ ನಿಂತು ನೋಡಿದೆ. ಬಹಳ ಸಂತೋಷವಾಯಿತು. ಹೋಳುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದೆ. ಬಾಯಿ ಕಟ್ಟಲು ದಾರ ಸಿಗದೆ, ಸುಮ್ಮನೆ ಮಡಚಿ ಐಸಿನ ನಡುವೆ ಹೂತು, ಬೆಂಗಳೂರಿನ ಬಸ್ಸಿಗೆ ಹಾಕಿದೆ. ಇಷ್ಟು ಸಾಲದೆಂದು ರಮಾನಂದನಿಗೆ ಇನ್ನೊಂದು ಮಾತು ಹೇಳಿದೆ: ಫಲಿತಾಂಶವನ್ನು ಕನ್ನಡದಲ್ಲಿ ಬರೆದು ನೇರವಾಗಿ ಶಾನಭಾಗರ ಹೋಟೆಲಿಗೇ ಫ್ಯಾಕ್ಸ್ ಮಾಡು. ಪ್ರಯೋಗಾಲಯದಿಂದಲೇ ಬಂದರೆ ಅದರ ಗತ್ತೇ ಬೇರೆ.

ಕೆಲವು ದಿನಗಳ ಮೇಲೆ ಶಾನಭಾಗರ ಫೋನು ಬಂತು.

"ಮಾಸ್ತರೇ, ಫ್ಯಾಕ್ಸ್ ಬಂತು. ನಿಮ್ಮ ಈರುಳ್ಳಿಯಲ್ಲಿ ಮೀನು ಇದ್ಯಂತೆ."

ಸಮಾಧಾನ ಹೇಳುವ ಆತುರದಲ್ಲಿ, "ಬೇರೆ ಮೀನಲ್ಲ ಶಾನಭಾಗರೇ, ಬರೀ ಬಂಗಡೆ" ಎಂದುಬಿಟ್ಟೆ.

ಆ ಕಡೆ ಶಾನಭಾಗರು ಫ್ಯಾಕ್ಸಿನ ಹಾಳೆ ತಿರುವಿದ ಸದ್ದಾಯಿತು.

"ಮತ್ತೆ ಶ್ರೀಗಂಧ ಅಂತ ಬರ್ದಿದ್ದಾರೆ. ಕರ್ಪೂರ, ನೀಲಗಿರಿ ಎಣ್ಣೆ ಅಂತ ಬರ್ದಿದ್ದಾರೆ. ಇದ್ರಲ್ಲಿ ನಾನು ಪೂಜೆ ಮಾಡೂದಾ, ಪಲ್ಯ ಮಾಡೂದಾ? ಊಟಕ್ಕೆ ಬಂದವ್ರೆಲ್ಲ ಫ್ಯಾಕ್ಸ್ ಓದಿ ಆಗಿದೆ. ಇನ್ನು ಈ ಈರುಳ್ಳಿ ತಗೊಂಡ್ರೆ ನಾನು ಶುದ್ಧ ಸಸ್ಯಾಹಾರಿ ಅನ್ನೋ ಬೋರ್ಡು ಇಳಿಸ್ಬೇಕು ಅಷ್ಟೇ."

ನಾನು ರಮಾನಂದನ ಮೇಲೆ ಹರಿಹಾಯ್ದೆ. "ಸಿಹಿಯ ವಿಷಯ ಏನಾಯ್ತು ಮಾರಾಯಾ?"

"ಸಕ್ಕರೆ ಇದೆ. ಬೇರೆ ಈರುಳ್ಳಿಗಿಂತ ಹೆಚ್ಚೋ ಕಡಿಮೆಯೋ ಹೇಗೆ ಹೇಳ್ಲಿ? ಹೋಲಿಸ್ಲಿಕ್ಕೆ ಮಾಮೂಲಿ ಈರುಳ್ಳಿ ಕಳ್ಸಿದ್ಯಾ?"

ಕಳಿಸಿರಲಿಲ್ಲ. ಯಾವುದೇ ಪ್ರಯೋಗಕ್ಕೆ ಹೋಲಿಕೆಯ ಮಾದರಿ ಕಡ್ಡಾಯ ಎಂದು ಪ್ರತಿ ವರ್ಷ ಎಂಟನೇ ತರಗತಿಗೆ ಬರೆಸುವವನು ನಾನೇ. ಬರೆಯದವರ ಅಂಕ ಕಳೆಯುವವನೂ ನಾನೇ.

ಸುಜಾತಳ ಜೊತೆ ಅಳ್ವೆಕೋಡಿಗೆ ಹೋಗಿ ಎಲ್ಲ ಹೇಳುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಕಟ್ಟಿಟ್ಟ ಗೊಂಚಲುಗಳು ಜಗಲಿ ತುಂಬ ತೂಗುತ್ತಿದ್ದವು. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೊಣಕಾಲು ಸವರಿಕೊಳ್ಳುತ್ತ, "ಆತು. ಇನ್ನು ರಸ್ತೆಗೆ ಯಾರು ಕೂತ್ಕಳ್ಳೂದು?" ಎಂದರು.

ಸುಜಾತಾ ನನ್ನ ಮುಖ ನೋಡಿದಳು. "ಶಾಲೆಗೆ ಹೆಂಗೂ ರಜೆ ಅಲ್ದಾ?" ಎಂದಳು.

ಹಾಗೆ ಆ ಬೇಸಿಗೆಯ ರಜೆಯಿಡೀ ನಾನು ತಲೆಗೆ ಟವೆಲು ಸುತ್ತಿ ಹೆದ್ದಾರಿಯ ಪಕ್ಕ ಕೂತೆ. ಬಸ್ಸಿನ ಕಿಟಕಿಗಳಿಂದ ನನ್ನ ವಿದ್ಯಾರ್ಥಿಗಳು "ನಮಸ್ತೇ ಸಾರ್" ಎನ್ನುತ್ತ ಹಾದುಹೋದರು. ಕಾರು ನಿಲ್ಲಿಸಿದವರು ಚೌಕಾಸಿ ಮಾಡಿದರು. ಮೂಗು ಸುಲಿಯಿತು, ಕತ್ತು ಕಪ್ಪಾಯಿತು, ಈರುಳ್ಳಿ ಖಾಲಿಯಾಯಿತು.

ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರಲೆಂದು ಕಾದವನು ನಾನು. ಕೊನೆಯ ಗೊಂಚಲು ಮಾರಿದ ದಿನ ಅದು ಬಂತು. ಪಕ್ಕದ ಮನೆಯಾಕೆಯ ಹತ್ತಿರ ಅವರು ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು:

"ನಮ್ಮ ಮಾಸ್ತರ್ರು ಏನಕ್ಕೂ ಬಾರದವ್ರು ಅಂತ ಇಲ್ಲ. ಬಿಸಿಲಿಗೆ ಲಾಯ್ಕ ತಡೀತ್ರು."