ಎರಡು ಸಲ ಸ್ಟ್ರೋಕ್ ಆದ ಬೈಕು

ನಿಟ್ಟೂರಿನ ರವೀಶನ ಬೈಕಿಗೆ ಎರಡು ಬಾರಿ ಪಾರ್ಶ್ವವಾಯು ಹೊಡೆದಿರುವುದು ಸರ್ಕಾರಿ ದಾಖಲೆಯಿಂದ ದೃಢಪಟ್ಟಿದೆ.

ತುಮಕೂರಿನ ವಾಹನ ಕನ್ನಡೀಕರಣ ಕಚೇರಿಯಲ್ಲಿ ಹಳೆಯ ದಾಖಲೆಗಳನ್ನು ಕನ್ನಡಕ್ಕೆ ತರುವಾಗ, 'ಟೂ ಸ್ಟ್ರೋಕ್' ಎಂದಿದ್ದಲ್ಲಿ ಗುಮಾಸ್ತ ಸೀತಾರಾಮಯ್ಯನವರು 'ಪಾರ್ಶ್ವವಾಯು, ಎರಡು ಬಾರಿ' ಎಂದು ಶುದ್ಧ ಕನ್ನಡದಲ್ಲಿ ಬರೆದರು. ಅಸ್ವಸ್ಥ ವಾಹನ ರಸ್ತೆಗಿಳಿಯಬಾರದೆಂಬ ನಿಯಮದಂತೆ ತೊಂಬತ್ತೆಂಟು ಸಿಸಿಯ ಆ ಬೈಕಿಗೆ ಸಂಪೂರ್ಣ ವಿಶ್ರಾಂತಿ ವಿಧಿಸಲಾಯಿತು.

ರವೀಶ ಕಚೇರಿಗೆ ಓಡಿದ. ಎಡಗೈ ಬಿದ್ದುಹೋಗಿದ್ದ ತಾಯಿ ಹೊಂಬಾಳಮ್ಮನನ್ನು ಪ್ರತಿ ಗುರುವಾರ ವ್ಯಾಯಾಮ ಚಿಕಿತ್ಸೆಗೆ ತುಮಕೂರಿಗೆ ಕರೆತರುತ್ತಿದ್ದುದು ಆ ಬೈಕೇ.

"ಸಾರ್, ಸ್ಟ್ರೋಕ್ ಆಗಿರೋದು ನಮ್ಮವ್ವಂಗೆ, ಬೈಕಿಗಲ್ಲ."

"ತಾಯಿಗೆ ಎಷ್ಟು ಸಲ?"

"ಒಂದ್ಸಲ."

"ಬೈಕಿಗೆ ಎರಡು. ಯಾರು ಸೀರಿಯಸ್ಸು, ನೀವೇ ಹೇಳಿ."

"ಪಿಸ್ಟನ್ ಒಂದ್ಸಲ ಮೇಲಕ್ಕೆ, ಒಂದ್ಸಲ ಕೆಳಕ್ಕೆ. ಅದಕ್ಕೇ ಎರಡು ಅಂತಾರೆ, ಸಾರ್."

"ಅದನ್ನ ಡಾಕ್ಟ್ರು ಹೇಳ್ಬೇಕು ಕಣ್ರೀ. ರೋಗಿ ಕಡೆಯೋರು ಹೇಳಂಗಿಲ್ಲ."

ಡಾಕ್ಟರ್ ಅಪರ್ಣ ಬೈಕನ್ನು ಪರೀಕ್ಷಿಸಿದರು. "ಹಾರ್ಟ್ ವಾಲ್ವ್ ಹೇಗಿವೆ?"

"ಈ ಇಂಜಿನ್ನಿಗೆ ವಾಲ್ವೇ ಇಲ್ಲ, ಮೇಡಂ."

ಮೇಡಂ ಗಾಬರಿಯಿಂದ ಬರೆದುಕೊಂಡರು: 'ರೋಗಿಯ ಬಲಗಾಲು ಒದ್ದರೆ ಮಾತ್ರ ಅಲುಗುತ್ತದೆ. ಉಸಿರು ನೀಲಿ. ಪೆಟ್ರೋಲಿಗೆ ಆಯಿಲ್ ಬೆರೆಸದಿದ್ದರೆ ಕುಡಿಯುವುದಿಲ್ಲ. ಹೃದಯಕ್ಕೆ ಕವಾಟಗಳೇ ಇಲ್ಲ. ಬದುಕಿರುವುದು ವಿಸ್ಮಯ.'

ಕೂಡಲೇ ಉಚಿತ ಚಿಕಿತ್ಸೆ ಮಂಜೂರಾಯಿತು. ಗುರುವಾರ ಸರ್ಕಾರಿ ವ್ಯಾನು ಬಂದು ರೋಗಿಯನ್ನು ತುಮಕೂರಿಗೆ ಒಯ್ಯತಕ್ಕದ್ದು. ಜೊತೆಗೆ ಮನೆಯವರೊಬ್ಬರು ಸಹಾಯಕರಾಗಿ ಹೋಗಬಹುದು. ರವೀಶ ಸಹಾಯಕರ ಜಾಗದಲ್ಲಿ ಅವ್ವನ ಹೆಸರು ಕೊಟ್ಟ.

ಚಿಕಿತ್ಸಾ ಕೊಠಡಿಯಲ್ಲಿ ರೋಗಿಯ ಎಡಗಡೆಯ ಕ್ಲಚ್ಚನ್ನು ಹಿಡಿದು ಬಿಡಬೇಕೆಂದು ಸೂಚನೆಯಿತ್ತು. ರೋಗಿಗೆ ಕೈಯಿಲ್ಲದ ಕಾರಣ ಸಹಾಯಕರೇ ಅದನ್ನು ಮಾಡಿದರು. ಮೊದಮೊದಲು ಹೊಂಬಾಳಮ್ಮನ ಎಡಗೈ ಬೆರಳುಗಳು ಕ್ಲಚ್ಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಯುಗಾದಿ ಕಳೆದ ಮೇಲೆ ಒಂದು ಗುರುವಾರ ಮನೆ ಮುಂದೆ ವ್ಯಾನಿನಿಂದ ಇಳಿಯುತ್ತಲೇ ಆಕೆ ಕೂಗಿದಳು: "ಲೋ ರವಿ, ಕ್ಲಚ್ಚು ಪೂರ್ತಿ ಬಂತು ಕಣ್ಲಾ!"

ರವೀಶ ಸೀತಾರಾಮಯ್ಯನವರಿಗೆ ಸಿಹಿ ಕೊಡಲು ಹೋದ. ಸಹಾಯಕರ ಆರೋಗ್ಯ ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ಸ್ಪಷ್ಟಪಡಿಸಿ, ಸಿಹಿ ತೆಗೆದುಕೊಂಡರು. ಆ ತಿಂಗಳ ವರದಿ ಹೀಗಿದೆ: 'ರೋಗಿಯಲ್ಲಿ ಸುಧಾರಣೆ ಇಲ್ಲ. ಪಾರ್ಶ್ವವಾಯು ಈಗಲೂ ಎರಡೇ. ಚಿಕಿತ್ಸೆ ಮುಂದುವರಿಯಲಿ.'

ಈಗ ವ್ಯಾನು ಗುಬ್ಬಿಯಲ್ಲಿ ಟೀಗೆ ನಿಂತಾಗ ಜನ ಕಿಟಕಿಯ ಹತ್ತಿರ ಬಂದು ವಿಚಾರಿಸುತ್ತಾರೆ: "ಬೈಕು ಹೆಂಗೈತವ್ವ?"

ಹೊಂಬಾಳಮ್ಮ ಎಡಗೈಯಲ್ಲೇ ಟೀ ಲೋಟ ಇಸಕೊಂಡು ಹೇಳುತ್ತಾಳೆ: "ಇನ್ನೂ ವಾಸಿ ಆಗಿಲ್ಲ ಕಣಪ್ಪ. ದೇವರು ದೊಡ್ಡೋನು."