ಕೋಚ್ ಮನೆಗೆ ದಿಲ್‌ಪಸಂದ್

ನನ್ನ ಮುಖದಲ್ಲೇ ಏನೋ ಐಬು ಇರಬೇಕು. ಯಾರಿಗಾದರೂ ಕೆಟ್ಟ ಸುದ್ದಿ ಮುಟ್ಟಿಸಬೇಕಾಗಿ ಬಂದರೆ ಜನ ಉಳಿದವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ರಾಯಚೂರಿನಲ್ಲಿದ್ದಾಗ, ಒಪ್ಪಿಗೆಯಾಗದ ಹೆಣ್ಣಿನ ಮನೆಯವರಿಗೆ ಜಾತಕ ಕೂಡಲಿಲ್ಲವೆಂದು ಹೇಳಿಬರಲು ನಮ್ಮ ಸೋದರಮಾವ ನನ್ನನ್ನೇ ಅಟ್ಟುತ್ತಿದ್ದ. ನಾನು ಹೊಸ್ತಿಲು ದಾಟುವ ಮೊದಲೇ ಆ ಮನೆಯವರಿಗೆ ಅರ್ಧ ವಿಷಯ ತಿಳಿದುಹೋಗುತ್ತಿತ್ತು. ಉಳಿದರ್ಧ ಕೇಳಲು ಪಾಪ, ಚಹಾ ಕೊಟ್ಟು ಕೂರಿಸುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೆ ಸಿಕ್ಕ ಕೆಲಸವೂ ಮುಖಕ್ಕೆ ತಕ್ಕದ್ದೇ ಆಯಿತು. ಹಲಸೂರಿನ ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ ಕೂತು, ಇವತ್ತು ಕಟ್ಟದಿದ್ದರೆ ನಾಳೆ ಲೈನ್ ಕಟ್ ಮಾಡುತ್ತಾರೆ ಎಂದು ಗಾಜಿನ ತೂತಿನಿಂದ ಹೇಳುವುದು. ನಾನು ಬಾಯಿ ತೆರೆಯುವ ಮುಂಚೆಯೇ ಜನ ಎದುರಿಗೆ ನಿಂತು ನಿಟ್ಟುಸಿರು ಬಿಡುತ್ತಿದ್ದರು.

ಇಂಥ ನನಗೆ ಫುಟ್‌ಬಾಲಿನ ಹುಚ್ಚು ಹಿಡಿಯಿತು ಎಂದರೆ ನಮ್ಮೂರಿನವರು ಇವತ್ತಿಗೂ ನಂಬುವುದಿಲ್ಲ. ಹುಚ್ಚು ಹಿಡಿದದ್ದಲ್ಲ, ಬಾಡಿಗೆ ಮನೆಯ ಜೊತೆಗೆ ಬಂದದ್ದು. ಕಾಕ್ಸ್ ಟೌನಿನಲ್ಲಿ ಆರೋಗ್ಯಸ್ವಾಮಿ ಸರ್ ಅವರ ಹಳೇ ಮನೆಯ ಹಿಂಭಾಗದಲ್ಲಿ ನಾನೂ ನನ್ನ ಹೆಂಡತಿ ಶರಣಮ್ಮನೂ ಇದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಸೀಬೆ ಮರದ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಮುಂಭಾಗದಲ್ಲಿ ಸರ್ ಒಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೆ.ಆರ್. ಪುರದ ಕಡೆಯ ಒಂದು ಪಂಪ್‌ಸೆಟ್ ಫ್ಯಾಕ್ಟರಿಯ ಫುಟ್‌ಬಾಲ್ ಟೀಮಿಗೆ ಅವರು ಕೋಚ್. ಆಗ ದೊಡ್ಡ ಫ್ಯಾಕ್ಟರಿಗಳಿಗೆಲ್ಲ ಒಂದೊಂದು ಟೀಮು ಇರುತ್ತಿತ್ತು. ಗೌತಮಪುರದ, ಮರ್ಫಿ ಟೌನಿನ ಹುಡುಗರು ಚೆನ್ನಾಗಿ ಚೆಂಡು ಒದ್ದರೆ ಫ್ಯಾಕ್ಟರಿಯಲ್ಲಿ ಕೆಲಸವೂ ಸಿಗುತ್ತಿತ್ತು. ಮನೆ ಕೇಳಲು ಹೋದ ದಿನ ಸರ್ ಬಾಡಿಗೆಯ ಮಾತಿಗಿಂತ ಮೊದಲು, "ಮ್ಯಾಚ್ ನೋಡ್ತೀರಾ?" ಎಂದು ಕೇಳಿದರು. ನನಗೆ ಮನೆ ಬೇಕಾಗಿತ್ತು. "ನೋಡ್ತೀನಿ ಸರ್" ಎಂದೆ. ಆಫ್‌ಸೈಡ್ ಎಂದರೇನೆಂದು ತಲೆಗೆ ಹತ್ತುವಷ್ಟರಲ್ಲಿ ಎರಡು ಸೀಸನ್ ಕಳೆದವು. ಅಷ್ಟರಲ್ಲಿ ನಾನು ಟೀಮು ಸೋತ ದಿನ ಊಟ ಸೇರದ ಸ್ಥಿತಿಗೆ ಬಂದುಬಿಟ್ಟಿದ್ದೆ. ನಮ್ಮ ಟೀಮು ಸೋಲುತ್ತಿದ್ದ ರೀತಿಗೆ ನಾನು ಸೊರಗಿಹೋದೆ. ಊರಿನಿಂದ ಬಂದವರು ಬೆಂಗಳೂರಿನ ನೀರು ಒಗ್ಗಿಲ್ಲ ಎಂದುಕೊಳ್ಳುತ್ತಿದ್ದರು.

ಹಲಸೂರು ಮಾರುಕಟ್ಟೆಯ ಹಿಂದಿನ ಒಂದು ಟೀ ಅಂಗಡಿಯಲ್ಲಿ ಈ ಟೀಮಿನ ಅಭಿಮಾನಿಗಳು ಸೇರುತ್ತಿದ್ದರು. ಅಭಿಮಾನಿಗಳು ಎಂದರೆ ದೊಡ್ಡ ಗುಂಪೇನಲ್ಲ, ಒಂದು ಬೆಂಚಿಗೆ ಸಾಕಾಗುವಷ್ಟು. ಬೇಕರಿಯ ಒಲೆಯ ಮುಂದೆ ಆಯುಷ್ಯ ಕಳೆದು ನಿವೃತ್ತರಾದ ಅಂತೋಣಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಪ್ರತಿ ವರ್ಷ ಟೀಮಿನ ಜರ್ಸಿ ಹೊಲಿಯುತ್ತಿದ್ದ ರಹಮತ್ ಭಾಯ್. ಹರೆಯದಲ್ಲಿ ಗೋಲ್‌ಕೀಪರ್ ಆಗಿದ್ದು ಈಗ ಆಟೋ ಓಡಿಸುತ್ತಿದ್ದ ಮುನಿರಾಜು. ಜೊತೆಗೆ ನಾನು. ಈ ಬೆಂಚಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸೀಸನ್ ನಡೆಯುವಾಗ ಕೋಚನ್ನು ಬೈಯುವಂತಿಲ್ಲ, ಮಳೆಗಾಲದ ಬಿಡುವಿನಲ್ಲಿ ಹೊಗಳುವಂತಿಲ್ಲ. ಬಿಡುವಿನ ಮೊದಲ ಭಾನುವಾರ ಎಲ್ಲರೂ ಸೇರಿ, ಮುಂದಿನ ವರ್ಷಕ್ಕೆ ಟೀಮಿನಲ್ಲಿ ಮೊದಲು ಸರಿಯಾಗಬೇಕಾದದ್ದು ಯಾವುದೆಂದು ಜಗಳಾಡಿ ಒಂದು ತೀರ್ಮಾನಕ್ಕೆ ಬರಬೇಕು. ಆ ತೀರ್ಮಾನವನ್ನು ಒಬ್ಬರು ಕೋಚ್ ಮನೆಗೆ ಹೋಗಿ ತಿಳಿಸಬೇಕು. ಹಿರಿಯರ ಮನೆಗೆ ದೂರು ಹೇಳಲು ಬರಿಗೈಯಲ್ಲಿ ಹೋಗಬಾರದೆಂದು ಜೊತೆಗೆ ಸಿಹಿ ಕೊಬ್ಬರಿ ತುಂಬಿದ, ತಟ್ಟೆಯಗಲದ ಒಂದು ಇಡೀ ದಿಲ್‌ಪಸಂದ್. ಅದನ್ನು ಅಂತೋಣಿ ತಮ್ಮ ಹಳೇ ಬೇಕರಿಯಿಂದ ಬಿಸಿಬಿಸಿಯಾಗಿ ಕಟ್ಟಿಸಿಕೊಂಡು ಬರುತ್ತಿದ್ದರು. ಒಯ್ಯುವವನು ಯಾರೆಂದು ನಾನು ಬೇರೆ ಹೇಳಬೇಕಾಗಿಲ್ಲ. ನನ್ನ ಮುಖ ಕಂಡ ಮೇಲೆ ಅವರು ಇನ್ನೊಬ್ಬರ ಹೆಸರು ಎತ್ತಲೇ ಇಲ್ಲ.

ಸರ್ ದಿಲ್‌ಪಸಂದನ್ನು ಯಾವತ್ತೂ ಬೇಜಾರಿನಿಂದ ಸ್ವೀಕರಿಸಿದವರಲ್ಲ. ತಾವೇ ಚಾಕು ತಂದು ತ್ರಿಕೋನವಾಗಿ ಕತ್ತರಿಸಿ, ದೊಡ್ಡ ತುಂಡನ್ನು ನನಗೆ ಕೊಡುತ್ತಿದ್ದರು. "ಹೇಳೋಕೆ ಬಂದೋರಿಗೇ ಜಾಸ್ತಿ ಕಷ್ಟ, ತಗೊಳ್ಳಿ" ಎನ್ನುತ್ತಿದ್ದರು. ಆಮೇಲೆ ನಾವು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿ, ಮುಂದಿನ ವರ್ಷ ತಮಗೆ ತೋಚಿದಂತೆಯೇ ಆಡಿಸುತ್ತಿದ್ದರು.

ನಾನು ಹೇಳಹೊರಟ ವರ್ಷ ನಮ್ಮ ಟೀಮು ಕೆಳಗಿನ ಡಿವಿಷನ್ನಿಗೆ ಬಿದ್ದಿತ್ತು. ಕೊನೆಯ ಪಂದ್ಯ ನೋಡಿ ಬಂದವರ ಮುಖ ಮಣ್ಣು ಕೊಟ್ಟು ಬಂದವರ ಹಾಗಿತ್ತು. ಭಾನುವಾರ ಬೆಂಚು ತುಂಬಿತು. "ಫಸ್ಟು ಕೀಪರ್‌ನ ಚೇಂಜ್ ಮಾಡ್ಬೇಕು ಗುರು. ಬಾಲ್ ಬಂದ್ರೆ ಬಸ್ ಬಂದಂಗೆ ಪಕ್ಕಕ್ಕೆ ನಿಂತ್ಕೋತಾನೆ" ಎಂದು ಮುನಿರಾಜು ಶುರು ಮಾಡಿದ. "ಕೀಪರ್ ಏನ್ ಪಣ್ಣುವಾನ್ ಪಾವಂ, ಅವ್ನೇನ್ ಮಾಡ್ತಾನೆ? ಲೆಫ್ಟ್ ಬ್ಯಾಕ್ ಕಡೆ ಗೇಟ್ ತೆರ್ದೇ ಇದೆ, ಯಾರ್ ಬೇಕಾದ್ರೂ ಬರ್ಬೋದು" ಎಂದರು ಅಂತೋಣಿ. "ಗೋಲ್ ಹೊಡಿಯೋರೇ ಇಲ್ಲ ಮಿಯಾ, ತಡ್ಯೋರನ್ನ ಇಟ್ಕೊಂಡು ಏನ್ ಮಾಡ್ತೀರಿ?" ಎಂದು ರಹಮತ್ ಭಾಯ್ ಗಡ್ಡ ನೀವಿಕೊಂಡರು. ನನ್ನ ಸರದಿ ಬಂದಾಗ ನಾನು ಎಂದಿನಂತೆ "ಮಿಡ್‌ಫೀಲ್ಡ್ ಸ್ವಲ್ಪ ವೀಕು" ಎಂದೆ. ಅದು ಹೇಳಲು ಕ್ಷೇಮವಾದ ಮಾತು. ಯಾವ ಟೀಮಿನ ಬಗ್ಗೆ ಯಾರು ಯಾವಾಗ ಬೇಕಾದರೂ ಹೇಳಬಹುದು. ಇದರ ನಡುವೆ ಮುನಿರಾಜು ಮನೆಯಲ್ಲಿದ್ದ ತನ್ನ ಮಗನ ವಿಷಯ ತೆಗೆದು ಹರಿಹಾಯ್ದ. ಆ ಹುಡುಗ ಕೇಬಲ್ ಟಿವಿಯಲ್ಲಿ ವಿಲಾಯಿತಿ ಟೀಮುಗಳ ಆಟ ನೋಡಿ ಅಲ್ಲಿನ ಕೋಚುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದನಂತೆ. ಆರೋಗ್ಯಸ್ವಾಮಿ ಯಾರೆಂದು ಕೇಳಿದರೆ ಚರ್ಚಿನ ಫಾದರಾ ಎಂದನಂತೆ. ಈ ಮಾತಿನಿಂದ ಎಲ್ಲರಿಗೂ ದುಃಖವಾಯಿತು. ದುಃಖ ಸಿಟ್ಟಿಗೆ ತಿರುಗಿತು. ಟೀ ಎರಡನೇ ಸುತ್ತು ಬರುವ ಹೊತ್ತಿಗೆ, ಕೀಪರೂ ಬೇಡ, ಬ್ಯಾಕೂ ಬೇಡ, ಮೊದಲು ಕೋಚೇ ಬದಲಾಗಬೇಕು ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಆ ಬೆಂಚಿನ ಚರಿತ್ರೆಯಲ್ಲಿ ಅದು ಮೊದಲ ಒಮ್ಮತ. ಎಲ್ಲರೂ ನನ್ನ ಮುಖ ನೋಡಿದರು.

ನನ್ನ ಮನೆಯ ಮಾಲೀಕನಿಗೆ ಜಾಗ ಬಿಡಿ ಎಂದು ನಾನು ಹೇಳಬೇಕು. ಈ ವಿಷಯ ತಿಳಿದ ಶರಣಮ್ಮ ಹಸಿಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. "ನೀವು ಅವರಿಗೆ ಟೀಮ್ ಬಿಡ್ರಿ ಅಂತೀರಿ. ಅವರು ನಿಮಗ ಮನಿ ಬಿಡ್ರಿ ಅಂತಾರ. ಆಮ್ಯಾಲ ಎಲ್ಲಿ ಹೋಗೂದು? ಹೊರಮಾವಿಗಾ? ಅಲ್ಲಿ ನೀರ ಬರಂಗಿಲ್ಲಂತ." ಅವಳ ಭಯಕ್ಕೆ ಇನ್ನೊಂದು ಕಾರಣವಿತ್ತು. ಬಿಲ್ಡರ್ ಒಬ್ಬ ಆ ಮನೆಯನ್ನು ಕೆಡವಿ ಫ್ಲ್ಯಾಟು ಕಟ್ಟುತ್ತೇನೆಂದು ಕಾರಿನಲ್ಲಿ ಬಂದು ಬಂದು ಹೋಗುತ್ತಿದ್ದ. ಸರ್ ಅವನಿಗೆ ಇನ್ನೂ ಹೂಂ ಎಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಅವರನ್ನು ಕೆಣಕುವುದೆಂದರೆ ಮಲಗಿದ ನಾಯಿಯ ಬಾಲ ತುಳಿದ ಹಾಗೆ. ದಿಲ್‌ಪಸಂದನ್ನು ನಾವೇ ತಿಂದು ಸುಮ್ಮನಿದ್ದುಬಿಡೋಣ ಎಂಬ ಸಲಹೆಯನ್ನೂ ಅವಳು ಕೊಟ್ಟಳು. ನಾನು ಆ ಪೊಟ್ಟಣವನ್ನು ನೋಡುತ್ತಾ ತುಂಬಾ ಹೊತ್ತು ಅದರ ಬಗ್ಗೆ ಯೋಚಿಸಿದೆ.

ಸಂಜೆ ಹೋದಾಗ ಸರ್ ವರಾಂಡದಲ್ಲಿ ಮಣೆಯ ಮೇಲೆ ಕೂತಿದ್ದರು. ಮಳೆಗಾಲದಲ್ಲಿ ಅವರು ಟೀಮಿನ ಚೆಂಡುಗಳನ್ನು ಮನೆಗೆ ತಂದು, ಆಕಾರ ಕೆಡದಂತೆ ಆಗಾಗ ಗಾಳಿ ತುಂಬಿಡುತ್ತಿದ್ದರು. ಅವತ್ತು ಮಾತ್ರ ಒಂದೊಂದರ ಗಾಳಿಯನ್ನೂ ಬಿಡುತ್ತಾ, ಚಪ್ಪಟೆಯಾದದ್ದನ್ನು ಗೋಣಿಚೀಲಕ್ಕೆ ಹಾಕುತ್ತಿದ್ದರು. ನಾನು ಅದನ್ನು ಕಂಡೂ ಕಾಣದವನಂತೆ ಪೊಟ್ಟಣ ಮುಂದಿಟ್ಟೆ.

"ಈ ವರ್ಷ ಏನಂತಾರೆ?" ಎಂದರು.

"ಮಿಡ್‌ಫೀಲ್ಡ್ ಬಗ್ಗೆ ಸ್ವಲ್ಪ ಮಾತು ಬಂತು ಸರ್..." ಎಂದು ನಾನು ತಡವರಿಸಿದೆ.

"ನಾನು ಹೋಗ್ಬೇಕು ಅಂತಾರಾ?"

ನಾನು ದಿಲ್‌ಪಸಂದನ್ನೇ ನೋಡುತ್ತಾ ಕೂತೆ. ಸರ್ ಎದ್ದು ಹೋಗಿ ಚಾಕು ತಂದರು. "ಕರೆಕ್ಟಾಗೇ ಹೇಳಿದ್ದಾರೆ. ನಾನು ಆ ಬೆಂಚಲ್ಲಿ ಕೂತಿದ್ರೂ ಅದೇ ಹೇಳ್ತಿದ್ದೆ. ಆದ್ರೆ ಲೇಟಾಯ್ತು. ಫ್ಯಾಕ್ಟರಿಯವರು ಟೀಮನ್ನೇ ಕ್ಲೋಸ್ ಮಾಡ್ಬಿಟ್ರು. ಹೋದ್ ವಾರ ಕರ್ದು ಹೇಳಿದ್ರು. ಪರ್ಮನೆಂಟ್ ಆಗಿರೋ ಹುಡುಗ್ರು ಮಷೀನ್ ಕೆಲ್ಸಕ್ಕೆ ಹೋಗ್ತಾರೆ, ಮಿಕ್ಕಿದೋರು ಮನೆಗೆ. ನನಗೂ ವಿ.ಆರ್.ಎಸ್. ಕೊಟ್ರು." ಎಂದಿನಂತೆ ದೊಡ್ಡ ತುಂಡನ್ನು ನನ್ನ ಕೈಗಿಟ್ಟರು. "ನಿಮ್ಮವರಿಗೆ ನೀವೇ ಹೇಳ್ಬಿಡಿ. ನನ್ನಿಂದಾಗಲ್ಲ. ನಿಮಗಾದ್ರೆ ಅಭ್ಯಾಸ ಇದೆ."

ನನಗೆ ನಿಜವಾಗಿಯೂ ಅಳು ಬಂತು. ಬಾಯಲ್ಲಿ ದಿಲ್‌ಪಸಂದ್ ತುಂಬಿಕೊಂಡು ಅಳುವುದು ಎಷ್ಟು ಅವಲಕ್ಷಣವೆಂದು ಅನುಭವಿಸಿದವರಿಗೇ ಗೊತ್ತು. ಸರ್ ಮರ್ಯಾದೆಯಿಂದ ಬೇರೆ ಕಡೆ ತಿರುಗಿಕೊಂಡು ಇನ್ನೊಂದು ಚೆಂಡಿನ ಗಾಳಿ ಬಿಟ್ಟರು. ಹಿಂಭಾಗಕ್ಕೆ ಬಂದಾಗ ಶರಣಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಮನಿ ಬಿಡ್ರಿ ಅಂದ್ರೇನು?" "ಇಲ್ಲ." "ಮತ್ಯಾಕ ಮಾರಿ ಹಿಂಗ ಮಾಡೀರಿ?" "ನನ್ನ ಮಾರಿ ಇರೂದ ಹಿಂಗ" ಎಂದು ಮಲಗಿಬಿಟ್ಟೆ.

ಮರುವಾರ ಬೆಂಚಿಗೆ ಹೋಗುವಾಗ ಹೇಳಿಬಿಡಬೇಕೆಂದೇ ಹೊರಟಿದ್ದೆ. ಜಾತಕದ ಸುದ್ದಿ, ಕರೆಂಟಿನ ಸುದ್ದಿ ಎಲ್ಲ ಹೇಳಿ ಪಳಗಿದ ಬಾಯಿ. ಆದರೆ ಅಲ್ಲಿ ಅಂತೋಣಿ ಜಾಗ ಬಿಟ್ಟು ಸರಿದು ಕೂತು, "ಏನಂದ್ರು ಸಾರ್?" ಎಂದು ಕೇಳಿದ ರೀತಿಗೆ ನಾಲಗೆ ಏಳಲಿಲ್ಲ. ಆ ಮನುಷ್ಯನಿಗೆ ವಾರಕ್ಕೆ ಇದೊಂದು ಭೇಟಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. "ಯೋಚನೆ ಮಾಡ್ತೀನಿ ಅಂದ್ರು" ಎಂದುಬಿಟ್ಟೆ. ಅಷ್ಟು ಸಾಕಾಯಿತು. ಆ ಮಳೆಗಾಲವಿಡೀ ಹೊಸ ಕೋಚ್ ಯಾರಾಗಬೇಕು, ಅವನು ಬಂದ ಮೇಲೆ ಯಾರನ್ನು ಎಲ್ಲಿ ಆಡಿಸಬೇಕು ಎಂಬ ಚರ್ಚೆ ನಡೆಯಿತು. ಇಲ್ಲದ ಟೀಮಿಗೆ ಲೆಫ್ಟ್ ಬ್ಯಾಕ್ ಹುಡುಕಲು ಮುನಿರಾಜು ಬಾಡಿಗೆ ಬಿಟ್ಟು ಆಸ್ಟಿನ್ ಟೌನಿನ ಮೈದಾನ ಸುತ್ತಿ ಬಂದ. ಯಾರೋ ಚುರುಕಿನ ಹುಡುಗ ಸಿಕ್ಕಿದ್ದಾನೆಂದು ಅವನು ಬಣ್ಣಿಸುವಾಗ ನಾನು ಟೀ ಲೋಟದೊಳಗೆ ಮುಖ ಇಟ್ಟುಕೊಂಡು ಕೂತಿರುತ್ತಿದ್ದೆ. ಮಿಡ್‌ಫೀಲ್ಡ್ ವೀಕು ಎನ್ನುವುದಕ್ಕೂ ನನಗೆ ಧೈರ್ಯ ಬರುತ್ತಿರಲಿಲ್ಲ.

ಮಳೆ ಹಿಂದೆಗೆಯುವ ಹೊತ್ತಿಗೆ ಒಂದು ಭಾನುವಾರ ಆರೋಗ್ಯಸ್ವಾಮಿ ಸರ್ ತಾವೇ ಬೆಂಚಿನ ಹತ್ತಿರ ನಡೆದುಕೊಂಡು ಬಂದರು. ಮನೆಯಲ್ಲಿ ಒಬ್ಬರೇ ಕೂತು ಸಾಕಾಗಿತ್ತೆಂದು ಆಮೇಲೆ ಹೇಳಿದರು. ನಾನು ಎಲ್ಲರಿಗೂ ವಿಷಯ ಹೇಳಿ ಯಾವುದೋ ಕಾಲವಾಗಿದೆ ಎಂದು ಅವರು ತಿಳಿದಿದ್ದರು. ಬೆಂಚಿನವರು ಗಡಬಡಿಸಿ ಎದ್ದು ನಿಂತರು. ಹೊಸ ಕೋಚ್ ಬಗ್ಗೆ ಜೋರಾಗಿ ಮಾತಾಡುತ್ತಿದ್ದ ಮುನಿರಾಜು ಅರ್ಧಕ್ಕೇ ನಿಲ್ಲಿಸಿದ. ಸರ್ ಕೂತು, ಟೀ ಹೇಳಿ, "ಟೀಮ್ ಕ್ಲೋಸ್ ಆದ್ಮೇಲೂ ಇಷ್ಟು ಮಾತಾಡ್ತಿದ್ದೀರಲ್ಲಪ್ಪ, ಸಂತೋಷ" ಎಂದರು.

ರಹಮತ್ ಭಾಯ್ ನನ್ನ ಕಡೆ ತಿರುಗದೆಯೇ, "ನಂಗೆ ಡೌಟ್ ಇತ್ತು. ಈ ಸಲ ಜರ್ಸಿಗೆ ಆರ್ಡರೇ ಬರ್ಲಿಲ್ಲ. ಬಾಯಿ ಬಿಟ್ಟು ಕೇಳೋಕೆ ಮನಸ್ಸಾಗ್ಲಿಲ್ಲ" ಎಂದರು. ಅಂತೋಣಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಕೊನೆಗೆ, "ಸರಿ. ಹಾಗಾದ್ರೆ ಮುಂದಿನ ಕೋಚ್ ಯಾರು?" ಎಂದರು.

"ಟೀಮೇ ಇಲ್ವಲ್ಲ ಅಣ್ಣ" ಎಂದ ಮುನಿರಾಜು.

"ಇಲ್ಲಾಂದ್ರೇನು? ಮಳೆಗಾಲದಲ್ಲಿ ಯಾರ್ನ ಬೈಯೋದು? ಸರ್ ಈಗ ನಮ್ ಬೆಂಚಿಗೆ ಬಂದ್ಬಿಟ್ರು. ಅವರ್ನ ಬೈಯಕ್ಕಾಗತ್ತಾ?"

ಈ ಮಾತಿನಲ್ಲಿ ನ್ಯಾಯವಿತ್ತು. ಎಲ್ಲರೂ ಮತ್ತೊಮ್ಮೆ ನನ್ನ ಮುಖ ನೋಡಿದರು. "ವಿಷಯ ಗೊತ್ತಿದ್ದೂ ಎಲ್ಲಾ ಸರಿ ಇದೆ ಅಂತ ಮೂರು ತಿಂಗಳು ನಮ್ಮನ್ನ ಕೂರಿಸಿದ್ರಲ್ಲ ಇವರು. ಅದು ಕೋಚ್ ಮಾಡೋ ಕೆಲ್ಸಾನೇ" ಎಂದು ರಹಮತ್ ಭಾಯ್ ಸೂಚಿಸಿದರು. ಸರ್ ಅನುಮೋದಿಸಿದರು. ಹೀಗೆ ನಾನು ಆಟಗಾರರಿಲ್ಲದ, ಜರ್ಸಿಯಿಲ್ಲದ, ಮೈದಾನವಿಲ್ಲದ ಒಂದು ಟೀಮಿಗೆ ಕೋಚ್ ಆದೆ.

ಹೊಸ ಸೀಸನ್ ಶುರುವಾದಾಗ ಎಲ್ಲರೂ ಒಂದು ಸಲ ಸ್ಟೇಡಿಯಂಗೆ ಹೋದೆವು. ಯಾವುದೋ ಎರಡು ಟೀಮುಗಳು ಆಡುತ್ತಿದ್ದವು. ಯಾರು ಗೆದ್ದರೂ ನಮಗೇನೂ ಅನ್ನಿಸಲಿಲ್ಲ. ಅರ್ಧ ಆಟಕ್ಕೇ ಎದ್ದು ಬಂದೆವು. ಭಾನುವಾರದ ಬೆಂಚು ಮಾತ್ರ ತಪ್ಪಲಿಲ್ಲ. ಸೀಸನ್ನಿನಲ್ಲಿ ನಿಯಮದಂತೆ ನನ್ನನ್ನು ಯಾರೂ ಬೈಯಲಿಲ್ಲ. ನಾನು ಯಾರನ್ನು ಎಲ್ಲಿ ಆಡಿಸುತ್ತೇನೆಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ರಾತ್ರಿ ಮಲಗಿ ಅದನ್ನೇ ಯೋಚಿಸುತ್ತಿದ್ದೆ. ಮಿಡ್‌ಫೀಲ್ಡನ್ನು ನಾನು ಬಹಳ ಗಟ್ಟಿ ಮಾಡಿದ್ದೆ.

ಮತ್ತೆ ಮಳೆ ಹಿಡಿಯಿತು. ಬಿಡುವಿನ ಮೊದಲ ಭಾನುವಾರ ಬೆಂಚಿಗೆ ಬರಬೇಡಿ ಎಂದು ನನಗೊಬ್ಬನಿಗೆ ಹೇಳಿದ್ದರು. ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಆರೋಗ್ಯಸ್ವಾಮಿ ಸರ್ ಕೊಡೆ ಮಡಿಸುತ್ತಾ ನಿಂತಿದ್ದರು, ಕೈಯಲ್ಲಿ ದಾರ ಸುತ್ತಿದ ಪೊಟ್ಟಣ. ಮನೆಯ ಮಾಲೀಕರು ಸಿಹಿ ಹಿಡಿದು ಬಂದದ್ದನ್ನು ಕಂಡು, ಬಿಲ್ಡರ್ ಜೊತೆ ಮಾತು ಮುಗಿಯಿತೆಂದೇ ತಿಳಿದು ಶರಣಮ್ಮ ಗೋಡೆಗೆ ಒರಗಿದಳು. "ಮನೆ ವಿಷಯ ಅಲ್ಲಮ್ಮ, ನೀವು ಕೂತ್ಕೊಳ್ಳಿ" ಎಂದರು ಸರ್. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಾ, "ಮಿಡ್‌ಫೀಲ್ಡ್ ಬಗ್ಗೆ ಸ್ವಲ್ಪ ಮಾತು ಬಂತು..." ಎಂದರು.

"ನಾನು ಹೋಗ್ಬೇಕು ಅಂತಾರಾ ಸರ್?"

ಸರ್ ದಿಲ್‌ಪಸಂದನ್ನೇ ನೋಡುತ್ತಾ ಕೂತರು. ನಾನು ಎದ್ದು ಚಾಕು ತಂದು, ಕತ್ತರಿಸಿ, ದೊಡ್ಡ ತುಂಡನ್ನು ಅವರಿಗೆ ಕೊಟ್ಟೆ. ಒಂದು ಪಂದ್ಯವನ್ನೂ ಆಡದ ಟೀಮಿನ ಕೋಚ್ ಕೆಲಸ ಹೋದರೆ ಅದಕ್ಕೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.