ಕೀರ್ತನಾಗೆ ಬಂದ ಅಮ್ಮ

ಅಂಜಿನವ್ವನ ಫೋನು ಬಂದ ಹೊತ್ತಿನಲ್ಲಿ ಮಾಳಿಂಗಪ್ಪ ಮೇಷ್ಟ್ರ ದೇಹ ಹರಿಹರದ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿತ್ತು. ಮನಸ್ಸು ಮಾತ್ರ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿತ್ತು. ಅಲ್ಲಿ ಒಂದು ನಡುಮನೆ, ನಡುಮನೆಯಲ್ಲಿ ಹಾಸಿದ ಜಮಖಾನ, ಅದರ ಮೇಲೆ ಇಸ್ತ್ರಿ ಅಂಗಿಯ ಮಾಳಿಂಗಪ್ಪ. ಒಳಗಿನಿಂದ ಸುಧಾ ಚಹಾದ ತಟ್ಟೆ ಹಿಡಿದು ಬರುತ್ತಿದ್ದಾಳೆ. ಬೆಳಿಗ್ಗೆ ನಿಜಲಿಂಗಪ್ಪ ಬಡಾವಣೆಯ ತಮ್ಮ ಮನೆ ಬಿಟ್ಟು ಹರಿಹರದ ಬಸ್ಸು ಹತ್ತಿದಾಗಿನಿಂದ ಆಕೆ ಹೀಗೆ ಬರುತ್ತಲೇ ಇದ್ದಳು, ಇನ್ನೂ ಜಮಖಾನದ ತನಕ ಬಂದು ಮುಟ್ಟಿರಲಿಲ್ಲ.

ಸುಧಾ ಪಿ.ಜೆ. ಬಡಾವಣೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತಾಯಿ ಇರುವುದು ಜಗಳೂರಿನಲ್ಲಿ. ಈಕೆ ಇಲ್ಲಿ ಸೋದರಮಾವ ಏಕಾಂತಪ್ಪನವರ ಮನೆಯಲ್ಲಿ. ಮೂವತ್ತನಾಲ್ಕು ದಾಟಿದ ಮಾಳಿಂಗಪ್ಪನವರು ಆ ಅಂಗಡಿಯಲ್ಲಿ ತಮಗಿಲ್ಲದ ಕೆಮ್ಮಿಗೆ ನಾಲ್ಕು ಬಾಟಲಿ ಔಷಧಿ ಕೊಂಡಿದ್ದರು. ಐದನೆಯ ಬಾಟಲಿ ಕೇಳಿದಾಗ ಆಕೆ, "ಡಾಕ್ಟರಿಗೆ ತೋರಿಸ್ರಿ ಸಾರ್, ಹಿಂಗೇ ಬಿಟ್ರೆ ಹೆಂಗೆ" ಅಂದಿದ್ದಳು. ಆ ಒಂದು ಮಾತನ್ನು ನೆನೆನೆನೆದು ಮೇಷ್ಟ್ರು ಮೂರು ತಿಂಗಳು ತಳ್ಳಿದ್ದರು.

ಆಮೇಲೆ ಯಾರ ಯಾರದೋ ಕೈಕಾಲು ಹಿಡಿದು, ಅದೇ ಹುಡುಗಿಯ ಸಂಬಂಧ ತಾನಾಗಿಯೇ ಹುಡುಕಿಕೊಂಡು ಬಂದಂತೆ ಮನೆಯಲ್ಲಿ ನಾಟಕ ಕಟ್ಟಿದ್ದರು. ಅವರ ತಾಯಿ ಪುಟ್ಟಕ್ಕ ಇದಕ್ಕೆ ಮೊದಲು ಆರು ಹೆಣ್ಣು ಬಿಟ್ಟಿದ್ದವಳು. ಒಂದು ಮನೆಯಲ್ಲಿ ಬಾಗಿಲಿಗೆ ಬಂದು ಕರೆಯಲಿಲ್ಲವೆಂದು, ಇನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಣ್ಣಗಿತ್ತೆಂದು. ಇದು ಕೊನೆಯದು, ಇದೂ ಆಗದಿದ್ದರೆ ಇನ್ನು ಹೆಣ್ಣು ನೋಡಲು ತಾನು ಹೊಸ್ತಿಲು ದಾಟುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಅವಳು ಹೇಳಿದ ಮೇಲೆ ಮುಗಿಯಿತು. ಇವತ್ತು ಸಂಜೆ ಐದಕ್ಕೆ ಹೆಣ್ಣು ನೋಡುವ ಶಾಸ್ತ್ರ.

ಮೂರು ಗಂಟೆಗೆ ಬಿಡಲು ಹೆಡ್‌ಮಾಸ್ಟರ್ ಉಚ್ಚಂಗೆಪ್ಪನವರು ಒಪ್ಪಿದ್ದರು, ಪೋಷಕರ ಸುದ್ದಿ ಮಾತ್ರ ತಪ್ಪಬಾರದು ಅಂದಿದ್ದರು. ಶಾಲೆಯ ಸುದ್ದಿ, ಮಕ್ಕಳ ಆರೋಗ್ಯದ ವಿಚಾರ ಎಲ್ಲವನ್ನೂ ದಿನಾ ಬೆಳಿಗ್ಗೆ ಪೋಷಕರ ವಾಟ್ಸಾಪ್ ಗುಂಪಿಗೆ ಬರೆದು ಹಾಕುವ ಕೆಲಸ ಮಾಳಿಂಗಪ್ಪನವರದು. ಕನ್ನಡ ಮೇಷ್ಟ್ರು ಅನ್ನುವ ಒಂದೇ ತಪ್ಪಿಗೆ ಅದು ಅವರ ತಲೆಗೆ ಬಿದ್ದಿತ್ತು. ಅವರೂ ಸುಮ್ಮನೆ ಬರೆಯುವವರಲ್ಲ. ಜಂತುಹುಳುವಿನ ಮಾತ್ರೆ ಕೊಡುವ ದಿನ 'ಉದರನಿವಾಸಿಗಳಿಗೆ ಬೀಳ್ಕೊಡುಗೆ' ಅಂತ ತಲೆಬರಹ ಕೊಟ್ಟಿದ್ದರು. ಯಾರು ನಿವೃತ್ತರಾದರು ಅಂತ ಹನ್ನೊಂದು ಜನ ಪೋಷಕರು ಫೋನ್ ಮಾಡಿ ಕೇಳಿದ್ದರು.

ಇಂಥವರಿಗೆ ಅಂಜಿನವ್ವ ಫೋನು ಮಾಡಿದಳು. ಒಂಬತ್ತನೆಯ ತರಗತಿ ಬಿ ವಿಭಾಗದ ಕೀರ್ತನಾಳ ಅಜ್ಜಿ.

"ಸಾರ್, ನಮ್ಮ ಕೀರ್ತನಾಗೆ ರಾತ್ರಿ ಅಮ್ಮ ಬಂದಾಳ್ರಿ. ಒಂದ್ ವಾರ ಸಾಲಿಗೆ ಕಳ್ಸಂಗಿಲ್ಲ."

ಮೇಷ್ಟ್ರು ಚಹಾದ ತಟ್ಟೆಯಿಂದ ಕಣ್ಣು ಕೀಳದೆ ಆಗಲಿ ಅಂದರು. ಫೋನಿಟ್ಟ ಮೇಲೆ ಯೋಚಿಸಿದರು. ಹೆತ್ತವಳೇ ಬಂದಿದ್ದರೆ ಅಂಜಿನವ್ವನಂಥ ಹಳೇ ಕಾಲದ ಹೆಂಗಸು 'ಅವ್ವ' ಅನ್ನುತ್ತಿದ್ದಳು. 'ಅಮ್ಮ' ಅಂದಳೆಂದರೆ ಇದು ಮೈಮೇಲೆ ಏಳುವ ಅಮ್ಮ, ಸೀತಾಳೆ ಸಿಡುಬು. ಭಾಷೆ ಬಲ್ಲವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡು ಬರೆಯಲು ಕೂತರು.

'ಪ್ರಿಯ ಪೋಷಕರೇ, ನಮ್ಮ ಒಂಬತ್ತನೆಯ ಬಿ ವಿಭಾಗದ ಕುಮಾರಿ ಕೀರ್ತನಾಳ ಮೇಲೆ ಅಮ್ಮ ದಯಮಾಡಿಸಿದ್ದಾಳೆ. ಆಕೆಯೊಡನೆ ಒಂದೇ ಬೆಂಚಿನಲ್ಲಿ ಕೂತು ನಲಿದ ಮಕ್ಕಳ ಮೈಯನ್ನು ಮನೆಯವರು ಕಣ್ಣಿಟ್ಟು ನೋಡತಕ್ಕದ್ದು. ಬೇವು ನಮ್ಮೆಲ್ಲರನ್ನೂ ಕಾಯಲಿ.'

ಪಕ್ಕದಲ್ಲಿದ್ದ ವಿಜ್ಞಾನದ ರುಮಾನಾ ಟೀಚರ್, ಡಾಕ್ಟರ ಚೀಟಿ ಏನಾದರೂ ಇದೆಯೇ ಅಂತ ಕೇಳಿದರು. ಅಷ್ಟರಲ್ಲಿ ಸುದ್ದಿ ಹೊರಟುಹೋಗಿತ್ತು, ಸುಧಾ ಮತ್ತೆ ಬರತೊಡಗಿದ್ದಳು.

ಅರ್ಧ ಗಂಟೆಯೊಳಗೆ ಗೇಟಿನ ಹತ್ತಿರ ಜನ ಸೇರಿದರು. ಒಬ್ಬರು ಮಗನನ್ನು ಕರೆದುಕೊಂಡು ಹೋಗಲು ಬಂದರೆ, ಇನ್ನೊಬ್ಬರು ಸುಮ್ಮನೆ ನೋಡಲು ಬಂದರು. ಯಾರೋ ಪುಣ್ಯಾತ್ಮರು ಒಂದು ಗಾಡಿ ಬೇವಿನ ಕೊಂಬೆ ತರಿಸಿ ಗೇಟಿಗೂ ನೋಟೀಸು ಬೋರ್ಡಿಗೂ ಕಟ್ಟಿಸಿದರು. ಅಮ್ಮ ಇರುವ ಕಡೆ ಒಗ್ಗರಣೆ ಹಾಕಬಾರದೆಂದು ಬಿಸಿಯೂಟದ ಅಡುಗೆಯವಳು ಬಾಣಲೆ ಮುಟ್ಟಲಿಲ್ಲ. ಒಗ್ಗರಣೆಯಿಲ್ಲದ ಸಾರು ಕಂಡು ಮಕ್ಕಳು ಮುಖ ಸಿಂಡರಿಸಿದವು. ಅವತ್ತಿನ ಮೊಟ್ಟೆಯೂ ರದ್ದಾಯಿತು.

ಮಕ್ಕಳಿಗೆ ಇಂಥದ್ದೆಲ್ಲ ಬೇಗ ಅರ್ಥವಾಗುತ್ತದೆ. ಮೈ ಕೆರೆದರೆ ಮನೆಗೆ ಕಳಿಸುತ್ತಾರೆಂದು ಗೊತ್ತಾಗಿದ್ದೇ ತಡ, ಒಂಬತ್ತನೆಯ ಬಿ ಇಡೀ ತರಗತಿ ಕೆರೆದುಕೊಳ್ಳಲು ಶುರುಮಾಡಿತು. ಗಣಿತದ ಟೆಸ್ಟು ಇದ್ದದ್ದರಿಂದ ಹತ್ತನೆಯ ಎ ಕೂಡ ಸೇರಿಕೊಂಡಿತು. ಉಚ್ಚಂಗೆಪ್ಪನವರು ಎಲ್ಲರನ್ನೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಅಂಗಿಯ ತೋಳು ಮಡಿಸಿ ನೋಡತೊಡಗಿದರು. ಸಿಕ್ಕಿದ್ದು ಸೊಳ್ಳೆ ಕಚ್ಚಿದ ಗುರುತು, ಬಾಲ್ ಪೆನ್ನಿನ ಚುಕ್ಕೆ.

ಹನ್ನೆರಡರ ಬಿಸಿಲಿನಲ್ಲಿ ಗೇಟಿನ ಜನ ಇದ್ದಕ್ಕಿದ್ದಂತೆ ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ಕೀರ್ತನಾ ನಡೆದು ಬಂದಳು, ಮುಖ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು. ಅವಳ ಕೈ ಹಿಡಿದು ಒಬ್ಬ ಹೆಂಗಸು ಬಂದಳು. ನೇರ ಮಾಳಿಂಗಪ್ಪನವರ ಮುಂದೆ ನಿಂತು, "ಕೀರ್ತನಾಗೆ ಬಂದಿರೋ ಅಮ್ಮ ನಾನೇ ರೀ ಸಾರ್" ಅಂದಳು.

ಪುಷ್ಪಲತಾ ಅಂತ ಹೆಸರು. ಹುಬ್ಬಳ್ಳಿಯ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ. ಏಳು ತಿಂಗಳ ಮೇಲೆ ಒಂದು ವಾರ ರಜೆ ಸಿಕ್ಕಿ ಮಗಳ ಜೊತೆ ಇರಲು ಬಂದಿದ್ದಳು. ಬೆಳಿಗ್ಗೆ ಎದ್ದು ಮಗಳ ತಲೆ ಬಾಚುತ್ತಾ ಕೂತರೆ ಬೀದಿಯ ಹೆಂಗಸರೆಲ್ಲ ಹೊಸ್ತಿಲ ಹೊರಗೆ ಮೊಸರನ್ನದ ಎಡೆ ಇಟ್ಟು, ತಣ್ಣಗಿರು ತಾಯಿ, ಬೇಗ ಹೊರಡು ತಾಯಿ ಅಂತ ಕೈಮುಗಿಯುತ್ತಿದ್ದಾರೆ. ಬಂದು ಒಂದು ರಾತ್ರಿ ಕಳೆದಿಲ್ಲ, ಊರಿಗೆ ಊರೇ ನನ್ನನ್ನು ಹೊರಡು ಅಂತಿದೆಯಲ್ಲ ಸಾರ್ ಅಂತ ಹೇಳುವಾಗ ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಮಾಳಿಂಗಪ್ಪನವರಿಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮನಸ್ಸು ಹರಿಹರಕ್ಕೆ ಬಂದು ನಿಂತಿತು.

ಉಚ್ಚಂಗೆಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇವತ್ತಿನಿಂದ ಅಮ್ಮ ಅಂದ್ರೆ ಹೆತ್ತ ಅಮ್ಮ, ಮೇಷ್ಟ್ರೇ. ಬ್ಯಾರೆ ಅರ್ಥ ನಿಮ್ಮ ತಲಿಯೊಳಗೇ ಬರಬಾರ್ದು. ಒಂಬತ್ತನೇ ಬಿ ಮಕ್ಕಳ ಮನಿಗೆಲ್ಲ ಫೋನ್ ಮಾಡಿ ಹೇಳ್ರಿ. ಹೇಳಿ ಮುಗಿಸಿ ಆಮ್ಯಾಲೆ ಹೆಣ್ಣು ನೋಡಾಕ ಹೋಗ್ರಿ."

ನಲವತ್ತೆರಡು ಮನೆ. ಮೇಷ್ಟ್ರು ಒಂದೊಂದಕ್ಕೂ ಅಮ್ಮ ಅಂದರೆ ಅಮ್ಮ, ಸಿಡುಬಲ್ಲ, ಹೆತ್ತ ತಾಯಿ ಅಂತ ಬಿಡಿಸಿ ಬಿಡಿಸಿ ಹೇಳಿದರು. ಹೇಳುತ್ತಾ ಹೇಳುತ್ತಾ ಆ ಪದ ಅವರ ಬಾಯಲ್ಲಿ ತೊಳೆದ ಅಕ್ಕಿಯಷ್ಟು ಶುದ್ಧವಾಯಿತು. ಇನ್ನು ಐದು ಮನೆ ಉಳಿದಿದ್ದಾಗ ಏಕಾಂತಪ್ಪನವರ ಫೋನು ಬಂತು.

"ಮೇಷ್ಟ್ರೇ, ಹೆಂಗ್ ಹೇಳ್ಬೇಕು ತಿಳೀವಲ್ದು. ನಮ್ಮ ಸುಧಾಗೆ ಬೆಳಿಗ್ಗೆ ಅಮ್ಮ ಬಂದಾಳೆ."

ಇಷ್ಟೇನಾ ಅಂತ ಮೇಷ್ಟ್ರು ಉಸಿರು ಬಿಟ್ಟರು. ಜಗಳೂರಿನಿಂದ ತಾಯಿ ಬಂದಿದ್ದಾರೆ, ಅದಕ್ಕೆ ಇಷ್ಟೊಂದು ಸಂಕೋಚವೇ? ಇನ್ನೊಂದು ಅರ್ಥ ಬಾಗಿಲ ಸಂದಿಯಲ್ಲಿ ಇಣುಕಿತು. ಹೆಡ್‌ಮಾಸ್ಟರ ಮುಖ ನೆನೆದು ಮೇಷ್ಟ್ರು ಬಾಗಿಲು ಹಾಕಿಕೊಂಡರು.

"ಬಂದಿದ್ದು ಒಳ್ಳೇದೇ ಆತಲ್ರಿ. ಎಷ್ಟು ದಿನ ಇರ್ತಾರೆ?"

"ಏನಿಲ್ಲ ಅಂದ್ರೂ ಒಂಬತ್ತು ದಿನ ರೀ."

"ಒಂಬತ್ತ್ಯಾಕ್ರಿ, ಹದಿನೈದು ದಿನ ಇರ್ಲಿ ಬಿಡ್ರಿ. ನಾವು ಐದಕ್ಕೆ ಬಂದೇ ಬರ್ತೀವಿ. ನಮ್ಮವ್ವಾರೂ ಕಂಡು ಕೈಮುಗೀತಾರೆ."

ಏಕಾಂತಪ್ಪನವರು ಏನೋ ಹೇಳಲು ಹೋಗಿ, ನಿಮ್ಮಂಥ ಧೈರ್ಯದೋರನ್ನು ನಾನು ನೋಡಿಲ್ಲ ಅಂತ ಫೋನಿಟ್ಟರು. ಅತ್ತೆಯನ್ನು ಕಾಣಲು ಧೈರ್ಯವೇಕೆ ಅಂತ ಮೇಷ್ಟ್ರು ನಕ್ಕರು.

ಹೊರಡುವಾಗ ಮೂರೂವರೆ. ಬಸ್ಸಿನ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊರಗೆ ಗದ್ದೆ, ಕಾಲುವೆ, ಕಾಲುವೆಯ ನೀರಿನಲ್ಲಿ ಮೋಡ ಹಿಂದಕ್ಕೆ ಓಡುತ್ತಿದ್ದವು. ಮೇಷ್ಟ್ರ ರೆಪ್ಪೆ ಭಾರವಾಯಿತು. ನಡುಮನೆಯಲ್ಲಿ ಈಗ ಸುಧಾಳ ತಾಯಿಯೂ ಕೂತಿದ್ದರು. ಚಹಾ ಕೊಟ್ಟು ಸುಧಾ ಮೆಲ್ಲಗೆ, ಕೆಮ್ಮು ಹೆಂಗೈತ್ರಿ ಅಂತ ಕೇಳಿದಳು. ಮೇಷ್ಟ್ರು ನಿದ್ದೆಯಲ್ಲೇ ಕೆಮ್ಮಿದರು. ಪಕ್ಕದವರು ಸರಿದು ಕೂತರು.

ಮನೆಯಲ್ಲಿ ಪುಟ್ಟಕ್ಕ ರೇಷ್ಮೆ ಸೀರೆ ಉಟ್ಟು ಕಾದಿದ್ದಳು. ಆಟೋದಲ್ಲಿ ಮೇಷ್ಟ್ರು ತಾಯಿಗೆ ಎಲ್ಲ ಹೇಳಿದರು. ಅಮ್ಮನನ್ನು ಸಿಡುಬು ಅಂದುಕೊಂಡಿದ್ದು, ಊರೆಲ್ಲ ಬೈದಿದ್ದು, ಸುಧಾಳ ತಾಯಿ ಜಗಳೂರಿನಿಂದ ಬಂದಿರುವುದು. ಪುಟ್ಟಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹೆತ್ತವಳೇ ಎದುರಿಗಿದ್ದರೆ ಮಾತು ಗಟ್ಟಿಯಾಗುತ್ತದೆ ಅಂತ ದಾರಿಯಲ್ಲಿ ಆಟೋ ನಿಲ್ಲಿಸಿ ಇನ್ನೂ ಎರಡು ಮೊಳ ಮಲ್ಲಿಗೆ ಕೊಂಡಳು. ಅವಳು ಇಷ್ಟು ಖುಷಿಯಾಗಿದ್ದನ್ನು ಮೇಷ್ಟ್ರು ನೋಡಿ ವರ್ಷಗಳಾಗಿದ್ದವು.

ಏಕಾಂತಪ್ಪನವರ ಮನೆ ಕಾಂಪೌಂಡಿನಿಂದ ಒಳಗಿತ್ತು. ಮಂಡಿನೋವಿನ ಪುಟ್ಟಕ್ಕ ನಿಧಾನ ಇಳಿಯಲಿ ಎಂದು ಮೇಷ್ಟ್ರು ಹೂವು ಹಣ್ಣು ಹಿಡಿದು ಮುಂದೆ ನಡೆದರು. ಬಾಗಿಲಿಗೆ ಹಸಿರು ತೋರಣ ಕಟ್ಟಿದ್ದು ಕಂಡು ಅವರ ಮನಸ್ಸು ತುಂಬಿ ಬಂತು. ಹತ್ತಿರ ಹೋದಾಗ ಅದು ಮಾವಿನದಲ್ಲ, ಬೇವಿನದು.

ಪಕ್ಕದ ಕಿಟಕಿಯಲ್ಲಿ ಸುಧಾ ನಿಂತಿದ್ದಳು. ಮುಖದ ತುಂಬ ಕೆಂಪು ಗುಳ್ಳೆ, ಗುಳ್ಳೆಯ ಮೇಲೆ ಅರಿಶಿನ, ಕೈಯಲ್ಲಿ ಬೇವಿನ ಎಸಳು. ಆದರೂ ಮೇಷ್ಟ್ರಿಗೆ ಅವಳು ಚೆಂದವೇ ಕಂಡಳು.

"ಬರೋದು ಬ್ಯಾಡ ಅನ್ನಾಕಂತ ಮಾವ ಫೋನ್ ಮಾಡಿದ್ರು. ನೀವು ಹದಿನೈದು ದಿನ ಇರ್ಲಿ ಅಂದ್ರಂತೆ" ಅಂದಳು. ಕೋಪವೋ ನಗುವೋ, ಗುಳ್ಳೆಗಳ ನಡುವೆ ತಿಳಿಯಲಿಲ್ಲ.

ಅಷ್ಟರಲ್ಲಿ ಏಕಾಂತಪ್ಪನವರು ಹೊರಗೆ ಬಂದು ಕೈಮುಗಿದರು. ಗೇಟಿನ ಹತ್ತಿರ ಬರುತ್ತಿದ್ದ ಪುಟ್ಟಕ್ಕನಿಗೂ ಕೇಳಲಿ ಅಂತ ದನಿ ಎತ್ತರಿಸಿ, "ಒಳಗ ಬರಬ್ಯಾಡ್ರಿ ಅಕ್ಕಾರೆ, ತಪ್ಪು ತಿಳೀಬ್ಯಾಡ್ರಿ. ಅಮ್ಮ ಒಂದು ಹೋಗಿಬಿಡ್ಲಿ, ಆಮ್ಯಾಲೆ ಕುಂತು ಮಾತಾಡಾಣ" ಅಂದರು.

ಪುಟ್ಟಕ್ಕ ಅಲ್ಲಿಂದಲೇ ತಿರುಗಿದಳು. ಮಂಡಿನೋವು ಎಲ್ಲಿ ಹೋಯಿತೋ, ಮೇಷ್ಟ್ರು ಓಡಿ ಬರುವಷ್ಟರಲ್ಲಿ ಆಟೋದಲ್ಲಿ ಕೂತಾಗಿತ್ತು.

"ಅವ್ವಾ, ಅವ್ರು ಹೋಗ್ಲಿ ಅಂದಿದ್ದು ಹೆತ್ತಾಕಿನ್ನಲ್ಲ. ಸಿಡುಬಿನ ಅಮ್ಮನ್ನ. ಒಂದ್ಸಲ ಆ ಕಿಟಕಿ ಕಡೆ ನೋಡವ್ವಾ."

"ಬೆಳಿಗ್ಗೆ ಇದನ್ನೇ ಹೇಳಿ ಊರ ಕೈಲಿ ಬೈಸ್ಕೊಂಡಿ ಅಂತ ಈಗಿನ್ನೂ ನೀನೇ ಹೇಳ್ದಿ. ಸಾಲಿ ಮಕ್ಕಳಿಗೆ ಹೇಳಿದ್ದು ಸಾಲದು ಅಂತ ನನಗೂ ಹೇಳ್ತೀಯಾ?" ಪುಟ್ಟಕ್ಕ ಆ ಕಡೆ ಕತ್ತು ಕೂಡ ತಿರುಗಿಸಲಿಲ್ಲ. "ಊರಿಂದ ಬಂದ ಹೆತ್ತವ್ವನ್ನ ಯಾವಾಗ ಹೋದಾಳೋ ಅಂತ ಕಾಯೋ ಮನಿ. ನಾಳೆ ನನ್ನ ಬಿಟ್ಟಾರಾ? ಇನ್ನ ಆ ಮನಿ ಸುದ್ದಿ ಎತ್ತಬ್ಯಾಡ."

ಆಟೋ ಹೊರಟಿತು. ಮಾಳಿಂಗಪ್ಪನವರು ಹಿಂದಿನ ಸಂದಿಯಿಂದ ನೋಡಿದರು. ಕಿಟಕಿಯಲ್ಲಿ ಸುಧಾ ಬೇವಿನ ಎಸಳನ್ನು ಮುಖದ ಹತ್ತಿರ ಎತ್ತಿ ಅಲ್ಲಾಡಿಸುತ್ತಿದ್ದಳು. ಹೋಗಿ ಬರ್ರಿ ಅಂದಳೋ, ಸುಮ್ಮನೆ ಕೆರೆದುಕೊಂಡಳೋ, ಅವರಿಗೆ ಗೊತ್ತಾಗಲಿಲ್ಲ.